ಚಿಂಪಾಂಜಿ ಶೇವಂತೆವ್ವ
ಸಿಂದಗಿಯ ಸುತ್ತಿನ ಹಳ್ಳಿಗಳಲ್ಲಿ ಎಚ್‌ಐವಿ ಇದ್ದವರ ಮನೆಗೆ ಹೋಗಿ ಧೈರ್ಯ ಹೇಳುವ ಶೇವಂತೆವ್ವನಿಗೆ ಜನ ಇಟ್ಟ ಹೆಸರು ‘ಚಿಂಪಾಂಜಿ ಶೇವಂತೆವ್ವ’. ಅದಕ್ಕೆ ಆಕೆಗೆ ಸಿಟ್ಟಿಲ್ಲ. ಚಿಂಪಾಂಜಿಯನ್ನು ಯಾರಾದರೂ ‘ಮಂಗ್ಯಾ’ ಅಂದರೆ ಮಾತ್ರ ತಿದ್ದದೆ ಬಿಡುವವಳಲ್ಲ. ಗಿರಣಿಯಲ್ಲಿ ಜೋಳ ಬೀಸಿ ಮುಗಿಯುವಷ್ಟರಲ್ಲಿ, ಮೋರಟಗಿ ಬಸ್ಸು ಬರುವಷ್ಟರಲ್ಲಿ, ಈ ರೋಗ ಮನುಷ್ಯರಿಗೆ ಎಲ್ಲಿಂದ ಬಂತೆಂದು ಹೇಳುತ್ತ ಆಕೆ ಕೇಳುವವರನ್ನು ಆಫ್ರಿಕಾದ ಅಡವಿಗೆ ಕರೆದೊಯ್ದು ಬಂದುಬಿಡುತ್ತಾಳೆ. “ನೂರು ವರ್ಷದ ಹಿಂದ ಯಾವನೋ ಬ್ಯಾಟಿಗಾರ ಚಿಂಪಾಂಜಿ ಕೊಯ್ಯುವಾಗ ಅದರ ರಕ್ತ ಅವನ ಕೈಗಾಯಕ್ಕ ಹತ್ತಿರಬೇಕು ಅಂತಾರ. ಕುರಿ ಬಾಯಾಗಿನ ಹುಣ್ಣು ಕುರಿ ಕಾಯಾವನ ಕೈಗೆ ಬರೂದಿಲ್ಲೇನು? ಹಂಗ! ಇದರಾಗ ಪಾಪ ಎಲ್ಲಿಂದ ಬಂತು?” ಮೊನ್ನೆ ದೇವಣಗಾಂವದ ಸುಜಾತಾ ತನ್ನ ಹದಿನೆಂಟು ತಿಂಗಳ ಕೂಸಿನ ಕೊನೆಯ ರಕ್ತಪರೀಕ್ಷೆಗೆ ದವಾಖಾನೆಗೆ ಬಂದಿದ್ದಳು; ಧೈರ್ಯ ಹೇಳಲು ಶೇವಂತೆವ್ವನೂ ಬಂದಿದ್ದಳು. ಸೋಂಕು ತಾಯಿಗಿತ್ತು, ಕೂಸಿಗೂ ಬಂದಿದೆಯೋ ಎಂಬುದು ಅಂದು ತಿಳಿಯಬೇಕಿತ್ತು. ಜೊತೆಗಿದ್ದ ಅತ್ತೆ ಶೇವಂತೆವ್ವನ ಕಥೆಯನ್ನೆಲ್ಲ ಕೇಳಿ, “ಕತಿ ಹೇಳಾಕ ನಿನಗೇನವ್ವಾ, ಜಡ್ಡು ಇದ್ದವರ ಸಂಕಟ ಬ್ಯಾರೆ” ಎಂದಳು. ಶೇವಂತೆವ್ವ ಚೀಲದಿಂದ ತನ್ನ ಗುಳಿಗೆಯ ಡಬ್ಬಿ ತೆಗೆದು ತೋರಿಸಿದಳು. “ನನಗೂ ಐತಿ ಯಕ್ಕಾ. ಹದಿನಾರು ವರ್ಷ ಆತು. ಗಂಡ ಸತ್ತಾಗ ನಂದ ಪಾಪ ಅಂದ್ರು.” ಅತ್ತೆ ತಲೆ ತಗ್ಗಿಸಿದಳು. ಅಷ್ಟರಲ್ಲಿ ನರ್ಸ್ ಮೂವರನ್ನೂ ಒಳಗೆ ಕರೆದು, “ಕೂಸಿಗೆ ಏನೂ ಇಲ್ಲರಿ” ಎಂದರು. ಸುಜಾತಾ ಅತ್ತಳು, ನಕ್ಕಳು. ಅತ್ತೆ ಕೂಸನ್ನೆತ್ತಿ, “ಹಿಡಿ ಯವ್ವಾ, ಮೊದಲ ನೀ ಎತ್ತಿಕೋ” ಎಂದು ಶೇವಂತೆವ್ವನ ಮಡಿಲಿಗಿಟ್ಟಳು. ಶೇವಂತೆವ್ವ ಕೂಸಿನ ನೆತ್ತಿಗೆ ಗಲ್ಲ ಒತ್ತಿ ಕುಳಿತೇ ಇದ್ದಳು.