ನೂರಜಹಾನಳ ಹಾಲಿನ ಮಕ್ಕಳು

ವಳಸಂಗದ ನೂರಜಹಾನ ತೀರಿಕೊಂಡ ಮೇಲೆ ಆಕೆಯ ಬಗ್ಗೆ ಬರೆಯಿರಿ ಎಂದು ನನ್ನನ್ನು ಕೇಳಿದವರೆಲ್ಲ ಆಕೆಯನ್ನು ದೇವತೆ ಎಂದೇ ಬರೆಯಬೇಕೆಂದರು. ನಾನು ಹಾಗೆ ಬರೆಯುವುದಿಲ್ಲ. ಜತ್ತದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದಿಂದಲೂ ನಾನು ಆಕೆಯ ಎದುರು ಮನೆಯವಳು. ಆಕೆಗೆ ಸಿಟ್ಟು ಬೇಗ ಬರುತ್ತಿತ್ತು, ಅಡುಗೆಗೆ ಉಪ್ಪು ಹೆಚ್ಚಾಗುತ್ತಿತ್ತು, ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆಕೆ ಮಾಡಿದ ದೊಡ್ಡ ಕೆಲಸ ಒಂದೇ. ತಾಯಿ ಸತ್ತ ಕೂಸುಗಳಿಗೆ, ತಾಯಿಯ ಹಾಲು ಸಾಲದ ಕೂಸುಗಳಿಗೆ ತನ್ನ ಎದೆಹಾಲು ಕುಡಿಸಿದಳು. ಅದಕ್ಕೆ ಬದಲಾಗಿ ಯಾರಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಅದರ ಬೆಲೆ ತೆತ್ತವನು ಹೆತ್ತ ಮಗ ಸಲೀಮ. ಆಕೆಯ ಕಥೆ ಹೇಳಹೊರಟರೆ ಅವನ ಹೊಟ್ಟೆಕಿಚ್ಚನ್ನು ಬಿಡುವಂತಿಲ್ಲ.

ಸಲೀಮ ಇನ್ನೂ ಅಂಬೆಗಾಲಿಡದಿದ್ದಾಗಲೇ ಅದು ಶುರುವಾಯಿತು. ಓಣಿಯ ಕೊನೆಯ ಮನೆಯ ಗುರವ್ವ ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಜತ್ತದ ಆಸ್ಪತ್ರೆಯ ದಾರಿಯಲ್ಲೇ ತೀರಿಹೋದಳು. ಆಕೆಯ ಗಂಡ ಮುರಗೆಪ್ಪ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ನೂರಜಹಾನಳ ಬಾಗಿಲಿಗೆ ಬಂದ.

"ತಂಗೀ, ಆಕಳ ಹಾಲು ಕಾರಾಕತ್ತೈತಿ. ಇದು ಉಳಿಯಾಂಗ ಕಾಣೂದಿಲ್ಲ."

ಒಳಗಿನಿಂದ ಅತ್ತೆ ಕೂಗಿದಳು: "ನಮ್ಮ ಕೂಸಿಗೇ ಸಾಲೂದಿಲ್ಲ. ಊರಿನ ಕೂಸಿಗೆ ಎಲ್ಲಿಂದ ತರತಿ?"

"ಅಳೂ ಕೂಸಿನ ಮುಂದ ಲೆಕ್ಕ ಹಾಕಬಾರದ್ರಿ," ಎಂದ ನೂರಜಹಾನ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕುಳಿತಳು. ಆ ಕೂಸೇ ಗುರುಸಿದ್ದ. ಅಂದಿನಿಂದ ಬಲಗಡೆ ಸಲೀಮನಿಗೆ, ಎಡಗಡೆ ಗುರುಸಿದ್ದನಿಗೆ. ಸುಗ್ಗಿಯಲ್ಲಿ ಮುರಗೆಪ್ಪ ಒಂದು ಚೀಲ ಜೋಳ ತಂದು ಕಟ್ಟೆಗೆ ಇಳಿಸಿದಾಗ ಆಕೆ ಅದನ್ನು ಮುಟ್ಟಲೇ ಇಲ್ಲ. "ಜೋಳ ತಗೊಂಡ್ರ ಇದು ಕೂಲಿ ಆಗತದ್ರಿ. ಹೊತಗೊಂಡು ಹೋಗ್ರಿ," ಎಂದಳು.

ಸಲೀಮನ ನಂತರ ಆಕೆಗೆ ಎರಡು ಮಕ್ಕಳಾದವು, ಎರಡೂ ಉಳಿಯಲಿಲ್ಲ. ಹಾಲು ಮಾತ್ರ ಉಳಿಯಿತು. ಬೇರೆ ಹೆಂಗಸರು ಅದನ್ನು ಹಿಂಡಿ ಗೋಡೆಗೆ ಚೆಲ್ಲುತ್ತಾರೆ. ಆಕೆ ಕೂಸುಗಳನ್ನು ಹುಡುಕಿಕೊಂಡು ಹೋದಳು. ಬೆಳುಂಕಿಯಲ್ಲಿ ಅವಳಿ ಹೆತ್ತವಳ ಒಂದು ಹೆಣ್ಣುಕೂಸು, ನಂದಾ. ತಾಯಿಗೆ ಕ್ಷಯವಾಗಿದ್ದ ಶಾಹನವಾಜ. ಇನ್ನೂ ಇದ್ದರು. ಅವರ ಧರ್ಮದಲ್ಲಿ ಹಾಲು ಕುಡಿಸಿದ ಮಗು ಹೆತ್ತ ಮಗುವಿಗೆ ಸಮ, ಒಂದೇ ಎದೆಯ ಹಾಲು ಕುಡಿದವರ ನಡುವೆ ಮದುವೆ ಕೂಡದು. ಆದ್ದರಿಂದ ಕುಡಿಸುವ ಮೊದಲೇ ಆ ಮನೆಯವರಿಗೆ ಗಟ್ಟಿಯಾಗಿ ಹೇಳುತ್ತಿದ್ದಳು: "ಇವತ್ತಿನಿಂದ ಇದು ನನ್ನ ಕೂಸು. ನಾಳೆ ಮರತೇವಿ ಅನ್ನಬ್ಯಾಡ್ರಿ."

ಹಾಲು ಬಿಡಿಸಲು ಬೇವಿನ ಎಲೆ ಅರೆದು ಎದೆಗೆ ಹಚ್ಚಿಕೊಳ್ಳುವುದು ನಮ್ಮ ಕಡೆಯ ರೂಢಿ. ಸಲೀಮನಿಗೂ ಹಾಗೆಯೇ ಬಿಡಿಸಿದ್ದಳು. ಶಾಹನವಾಜ ಮಡಿಲಿಗೆ ಬಂದ ದಿನ ಸಲೀಮ ಹೊರಗೆ ಓಡಿದವನು ಹಿಡಿ ತುಂಬ ಬೇವಿನ ತಪ್ಪಲು ಹರಿದುಕೊಂಡು ಬಂದು ತಾಯಿಯ ಮುಂದೆ ಹಿಡಿದ. "ಅಮ್ಮಾ, ಹಚ್ಚಗೋ. ಅಂವಗೂ ಕಹಿ ಆಗಲಿ." ಆಕೆ ನಕ್ಕಳು. ನಗಬಾರದಿತ್ತು. ಓಣಿಯ ಹೆಂಗಸರು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನಕ್ಕರು, ಹುಡುಗ ಅದನ್ನು ಮರೆಯಲಿಲ್ಲ.

ಗುರುಸಿದ್ದ ಆಕೆಯನ್ನು ಸಲೀಮ ಕರೆದಂತೆಯೇ ಕರೆಯುತ್ತಿದ್ದ. ಸಾಲೆಗೆ ಹೋಗುವ ವಯಸ್ಸಿನಲ್ಲಿ ಇದಕ್ಕಾಗಿಯೇ ಹೊಡೆದಾಟವಾಯಿತು.

"ನಿಮ್ಮ ಮಂದ್ಯಾಗ ಅವ್ವಾ ಅಂತಾರಲ್ಲೋ, ಹಂಗ ಅನ್ನು. ಅಮ್ಮಾ ಅನಬ್ಯಾಡ."

"ಅವ್ವ ಸತ್ತಾಳಲೇ. ಈಕಿ ಅಮ್ಮಾ."

ಹಾಲು ಬತ್ತಿದ ಮೇಲೂ ನೂರಜಹಾನ ಸುಮ್ಮನೆ ಕೂರಲಿಲ್ಲ. ಆಡು ಸಾಕಿದಳು. ಎಲ್ಲಿ ತಾಯಿಯಿಲ್ಲದ ಕೂಸು ಅತ್ತರೂ ಅದರ ಹಾಲು, ಕುಡಿಸುವ ಒಳಲೆ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದಳು. ಸಲೀಮ ಗಾದಿ ತುಂಬುವ ಕೆಲಸ ಕಲಿತು ಅಂಗಡಿ ಇಟ್ಟ, ಸುಲತಾನಾಳನ್ನು ಮದುವೆಯಾದ. ಗುರುಸಿದ್ದ ದಾಳಿಂಬೆ ಬೆಳೆದು ಕೈತುಂಬ ಗಳಿಸಿದ. ಶಾಹನವಾಜ ಜತ್ತದಲ್ಲಿ ವೆಲ್ಡಿಂಗ್ ಅಂಗಡಿ ತೆರೆದ. ಈದ್ ಬಂದರೆ ಹಾಲಿನ ಮಕ್ಕಳೆಲ್ಲ ಹೆಂಡಿರು ಮಕ್ಕಳೊಂದಿಗೆ ಬರುತ್ತಿದ್ದರು. ಕದ ತೆರೆದಿಟ್ಟರೆ ಅವರ ಮನೆಯ ಮಾತು ನನ್ನ ಪಡಸಾಲೆಗೆ ಕೇಳುತ್ತದೆ.

"ಬಂತ ನೋಡ್ರಿ ನಿಮ್ಮ ಬಳಗ. ಇನ್ನೊಂದು ಪಾತೇಲಿ ಸುರಕುಂಬಾ ಇಡ್ಲ್ಯಾ?" ಹಬ್ಬದ ಶಾವಿಗೆ ಪಾಯಸ ಕುದಿಸುತ್ತಿದ್ದ ಸುಲತಾನಾಳಿಗೆ ಗಂಡನನ್ನು ಚುಚ್ಚುವುದೆಂದರೆ ಖುಷಿ.

"ನನಗ ಬಳಗಿಲ್ಲ. ನಾ ಒಬ್ಬಂವ ಮಗ."

"ಹೌದ್ರಿ, ಒಬ್ಬರ. ಅದಕ್ಕ ನಿಮಗೊಂದ ಬಟ್ಟಲಾ."

ಒಂದು ಈದಿಗೆ ಸಲೀಮ ಸೊಲ್ಲಾಪುರದಿಂದ ಸೀರೆ ತಂದಿದ್ದ. ಬೆಳಿಗ್ಗೆ ನೋಡಿದರೆ ತಾಯಿ ಗುರುಸಿದ್ದ ತಂದ ಸೀರೆ ಉಟ್ಟು ಕುಳಿತಿದ್ದಳು.

"ನಾ ತಂದದ್ದು ಚಲೋ ಇರಲಿಲ್ಲೇನು?"

"ಅಂವಗ ಬ್ಯಾರೆ ತಾಯಿ ಇಲ್ಲೋ. ಅಂವ ಯಾರಿಗೆ ಉಡಸಬೇಕು?"

"ನನಗೂ ಬ್ಯಾರೆ ತಾಯಿ ಇಲ್ಲ," ಎಂದ ಸಲೀಮ.

ಆಕೆ ಅವನನ್ನೇ ನೋಡಿದಳು. "ನಿನಗ ಕಡಿಮಿ ಆತೇನೋ?"

ಅವನು ಎದ್ದು ಅಂಗಡಿಗೆ ಹೋದ. ಹಬ್ಬದ ದಿನ ಒಬ್ಬನೇ ಕುಳಿತು ಹತ್ತಿ ಹಿಂಜಿದ. ನೀನೊಬ್ಬನೇ ನನ್ನ ಮಗ ಎಂಬ ಮಾತು ಅವನಿಗೆ ಬೇಕಾಗಿತ್ತು. ಆಕೆ ಅದನ್ನು ಹೇಳುವವಳಲ್ಲ, ಹೇಳಿದರೆ ಸುಳ್ಳಾಗುತ್ತಿತ್ತು.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಅಂಗಳ ತುಂಬ ಜನ ಸೇರಿದ್ದರು. ಜನಾಜಾ ಎತ್ತುವ ಮೊದಲೇ ಸಲೀಮ ಎಲ್ಲರಿಗೂ ಕೇಳುವಂತೆ, "ಕಬರಿನ್ಯಾಗ ನಾ ಒಬ್ಬನ ಇಳೀತೀನಿ. ಬ್ಯಾರೆ ಯಾರೂ ನಮ್ಮ ಅಮ್ಮನ ಮುಟ್ಟಬಾರದು," ಎಂದ. ಒಂದು ದಿನಕ್ಕಾದರೂ ಆಕೆಯನ್ನು ಯಾರೊಂದಿಗೂ ಹಂಚಿಕೊಳ್ಳದಿರುವ ಹಟ ಅದು.

ಹೆಂಗಸರು ಕಬರಸ್ತಾನಕ್ಕೆ ಹೋಗುವುದಿಲ್ಲ. ಅಲ್ಲಿ ನಡೆದದ್ದನ್ನು ಮಸೀದಿಯ ಹಿರಿಯ ಅಲ್ಲಾಭಕ್ಷ ನನಗೆ ಹೇಳಿದ್ದು. ಗುರುಸಿದ್ದನೂ ಅದನ್ನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಹೆಣ್ಣಿನ ದೇಹವನ್ನು ಕಬರಿಗೆ ಇಳಿಸುವವರು ತೀರ ಹತ್ತಿರದ ಗಂಡಸರಿರಬೇಕು: ಮಗ, ಅಣ್ಣ, ತಮ್ಮ, ಅಂಥವರು. ತಲೆ, ನಡು, ಕಾಲು ಹಿಡಿಯಲು ಮೂವರಾದರೂ ಬೇಕು. ನೂರಜಹಾನಳ ಗಂಡ ತೀರಿಹೋಗಿದ್ದ. ಇದ್ದೊಬ್ಬ ಅಣ್ಣನಿಗೆ ಮೊಣಕಾಲು ಮಡಚಲು ಬರುತ್ತಿರಲಿಲ್ಲ. ಸಲೀಮ ಕುಣಿಯಲ್ಲಿ ಇಳಿದು ನಿಂತು ಮೇಲೆ ನೋಡಿದ.

"ಒಬ್ಬನಿಂದ ಆಗೂದಿಲ್ಲಪಾ," ಎಂದರು ಅಲ್ಲಾಭಕ್ಷ. "ಹಾಲಿನ ಮಕ್ಕಳು ಇಳೀಬಹುದು. ಆದರ ಕುಡದಾರಂತ ಮನಿಯವರು ಸಾಕ್ಷಿ ಹೇಳಬೇಕು. ನಿಮ್ಮ ಮನ್ಯಾಗ ಕಂಡು ಕೇಳಿ ಬಲ್ಲಾಂವ ನೀ ಒಬ್ಬನ ಉಳದಿ."

ಶಾಹನವಾಜ ಮುಂದೆ ಬಂದ. ಗುರುಸಿದ್ದ ಚಪ್ಪಲಿ ಬಿಟ್ಟು ಗೋಡೆಯ ಹತ್ತಿರವೇ ನಿಂತಿದ್ದ. "ಶಾಹನವಾಜಂದು ಸರಿ. ಗುರುಸಿದ್ದ ನಮ್ಮ ಪೈಕಿ ಅಲ್ಲಲ್ಲ?" ಎಂದು ಯಾರೋ ಅಂದರು.

"ಹಾಲು ಕುಡಿಯೂವಾಗ ಆಕಿ ಅದನ್ನ ಕೇಳಿರಲಿಲ್ಲ," ಎಂದರು ಅಲ್ಲಾಭಕ್ಷ. "ಸಲೀಮ, ನೀ ಏನಂತಿ? ಇಲ್ಲ ಅಂದಿ ಅಂದ್ರ ಬ್ಯಾರೆಯವರನ್ನ ನೋಡೂಣು."

ಸಲೀಮ ಒಂದು ಇಲ್ಲ ಎಂದಿದ್ದರೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಗುರುಸಿದ್ದನೂ ಮಾತಾಡುತ್ತಿರಲಿಲ್ಲ. ಆದರೆ ಆ ಹಾಲನ್ನು ಸಲೀಮನಷ್ಟು ಕಣ್ಣಿಟ್ಟು ಕಾದವರು ಬೇರೆ ಯಾರೂ ಇರಲಿಲ್ಲ.

"ಕುಡದಾನ್ರಿ," ಎಂದ ಅವನು. "ಇಬ್ಬರೂ ಕುಡದಾರ. ನನ್ನ ಪಾಲಿಂದ ಕುಡದಾರ."

ಯಾರೂ ನಗಲಿಲ್ಲ. ಗುರುಸಿದ್ದ ಹತ್ತಿರ ಬಂದು ಕಬರಿಗೆ ಕಾಲಿಟ್ಟ.

"ತಲಿ ಕಡೆ ನಾ ಇರಾಂವ," ಎಂದ ಸಲೀಮ. "ನೀ ಕಾಲ ಕಡೆ ಹೋಗು."

ಗುರುಸಿದ್ದ ಕಾಲಿನ ಕಡೆಗೆ ಹೋದ, ಶಾಹನವಾಜ ನಡುವಿಗೆ ನಿಂತ. ಮೂವರೂ ಸೇರಿ ಆಕೆಯನ್ನು ಇಳಿಸಿದರು. ಮೊದಲು ಮೇಲೆ ಹತ್ತಿದ ಗುರುಸಿದ್ದ ಕೈ ಚಾಚಿದಾಗ ಸಲೀಮ ಆ ಕೈ ಹಿಡಿಯದೆ ತಾನೇ ಹತ್ತಿ ಬಂದ. ಹಲಗೆ ಮುಚ್ಚಿದ ಮೇಲೆ ಮೊದಲ ಹಿಡಿ ಮಣ್ಣು ತಾನೇ ಹಾಕಿದ, ಎರಡನೆಯದನ್ನೂ ಹಾಕಿದ, ಮೂರನೆಯದನ್ನೂ. ಆಮೇಲೆ ಒಂದು ಹೆಜ್ಜೆ ಸರಿದು ಜಾಗ ಮಾಡಿಕೊಟ್ಟ.

"ಹಾಕು," ಎಂದ ಗುರುಸಿದ್ದನಿಗೆ. "ಈಗ ನೀ ಹಾಕು."