ಸ್ಕ್ಯಾನಿಗೆ ಮೊದಲು ಮಾತ್ರೆ ಬೇಡ

ಮೆಡಿಕಲ್ ಕಾಲೇಜಿನ ಪಾಠದ ಕೋಣೆಯಲ್ಲಿ ಅವಳು ಆಯಾ ಆಗಿ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಬೋರ್ಡು ಒರೆಸಿ, ಪಾಠ ಮುಗಿಯುವವರೆಗೆ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುವಳು. ಓದಿದ್ದು ಏಳನೇ ಕ್ಲಾಸು. ಆದರೂ ಪಾರ್ಶ್ವವಾಯುವಿನ ಪಾಠ ವರ್ಷ ವರ್ಷ ಕಿವಿಗೆ ಬಿದ್ದು ಬಾಯಿಪಾಠವಾಗಿತ್ತು. ಹುಡುಗರು ತಮಾಷೆಗೆ ‘ಪ್ರೊಫೆಸರಮ್ಮ’ ಅನ್ನುತ್ತಿದ್ದರು.

ಆ ಭಾನುವಾರ ಮಧ್ಯಾಹ್ನ ಅವಳು ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದಳು. ಅಣ್ಣ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟುವವನು, ಮಾತಿನ ಮಲ್ಲ. ಏನೋ ಹೇಳಿ ನಗಿಸುತ್ತಿದ್ದವನು ಇದ್ದಕ್ಕಿದ್ದಂತೆ ತೊದಲಿದ. ಬಲಗೈಯಿಂದ ಲೋಟ ಜಾರಿತು.

“ಅಣ್ಣಾ, ಇಲ್ಲಿ ನೋಡು. ಹಲ್ಲು ಕಿರಿ.”

ಎಡಗಡೆ ಮಾತ್ರ ಕಿರಿಯಿತು, ಬಲಗಡೆ ಬಾಯಿ ಜೋತುಬಿದ್ದಿತ್ತು. ಕೈಯೆತ್ತು ಎಂದರೆ ಎಡಗೈ ಒಂದೇ ಎದ್ದಿತು. ಅವಳು ಗಡಿಯಾರ ನೋಡಿದಳು: ಒಂದು ಇಪ್ಪತ್ತು. ಆಂಬುಲೆನ್ಸಿಗೆ ಫೋನು ಮಾಡಿ, ಹೊತ್ತನ್ನು ಅಂಗೈ ಮೇಲೇ ಬರೆದುಕೊಂಡಳು.

ಗದ್ದಲ ಕೇಳಿ ಪಕ್ಕದ ಮನೆಯ ಔಷಧಿ ಅಂಗಡಿಯವನು ಮಾತ್ರೆ ಹಿಡಿದು ಓಡಿಬಂದ. “ರಕ್ತ ಹೆಪ್ಪುಗಟ್ಟಿರೋದು ಇದು. ಇದನ್ನ ನುಂಗಿಸಿ, ರಕ್ತ ತೆಳುವಾಗತ್ತೆ.”

ಅತ್ತಿಗೆ ನೀರು ತಂದಳು. ತಂಗಿ ಅಡ್ಡ ಕೈಯಿಟ್ಟಳು.

“ಬೇಡ ಅತ್ತಿಗೆ, ನೀರೂ ಬೇಡ. ಉಸಿರಿನ ದಾರಿಗೆ ಹೋಗ್ಬಿಡತ್ತೆ. ಹೆಪ್ಪುಗಟ್ಟಿದೆಯೋ, ರಕ್ತನಾಳ ಒಡೆದು ಸೋರ್ತಿದೆಯೋ, ಸ್ಕ್ಯಾನ್ ಮಾಡದೆ ಯಾರಿಗೂ ಗೊತ್ತಾಗಲ್ಲ. ಸೋರ್ತಿದ್ರೆ ಈ ಮಾತ್ರೆ ಇನ್ನಷ್ಟು ಸೋರಿಸತ್ತೆ.”

“ಬೋರ್ಡು ಒರೆಸೋರ ಹತ್ರ ನಾನು ಔಷಧಿ ಕಲೀಬೇಕಾ?” ಅಂಗಡಿಯವನು ಕೆಂಡವಾದ.

“ಅವರಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ” ಎಂದಳು ಅತ್ತಿಗೆ, ನಾದಿನಿಗೆ.

ತಂಗಿಗೂ ಅನುಮಾನ ಬಂತು. ಹೆಪ್ಪುಗಟ್ಟಿದ್ದೇ ಆಗಿದ್ದರೆ? ಆದರೂ ಅಡ್ಡವಿಟ್ಟ ಕೈ ತೆಗೆಯಲಿಲ್ಲ. ಅಣ್ಣ ವಾಂತಿ ಮಾಡಿಕೊಂಡಾಗ ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದಳು. ಅಷ್ಟರಲ್ಲಿ ಆಂಬುಲೆನ್ಸಿನ ಸದ್ದು ಕೇಳಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದ್ದು ಎರಡೇ ಮಾತು. “ಎಷ್ಟು ಹೊತ್ತಿಗೆ ಶುರುವಾಯ್ತು?” ಅವಳು ಅಂಗೈ ತೋರಿಸಿದಳು. “ಬಾಯಿಗೆ ಏನಾದ್ರೂ ಕೊಟ್ರಾ?” “ಆಮೇಲೆ ಒಂದು ಹನಿ ನೀರೂ ಕೊಟ್ಟಿಲ್ಲ.” ಬಿಪಿ, ಶುಗರ್ ನೋಡಿದ್ದೇ ಸ್ಟ್ರೆಚರ್ ಸ್ಕ್ಯಾನ್ ಕೋಣೆಗೆ ಓಡಿತು. ಹೆಪ್ಪಾದರೆ ಕರಗಿಸುವ ಇಂಜೆಕ್ಷನ್ನಿಗೆ, ಶುರುವಾದಲ್ಲಿಂದ ನಾಲ್ಕೂವರೆ ಗಂಟೆಯ ಗಡುವು. ಹೊರಗೆ ಅತ್ತಿಗೆ ಬೇರೆ ಬೆಂಚಿನಲ್ಲಿ, ಮುಖ ತಿರುಗಿಸಿ ಕೂತಿದ್ದಳು.

ಡಾಕ್ಟರಮ್ಮ ಹೊರಬಂದರು. “ಮೆದುಳಲ್ಲಿ ರಕ್ತ ಸೋರಿದೆ. ಸದ್ಯಕ್ಕೆ ಸಣ್ಣದು. ಬಿಪಿ ಇಳಿಸ್ತಿದೀವಿ. ರಕ್ತ ತೆಳು ಮಾಡೋದೇನಾದ್ರೂ ಹೊಟ್ಟೆಗೆ ಹೋಗಿದ್ರೆ ಕಷ್ಟವಾಗ್ತಿತ್ತು.”

ಅತ್ತಿಗೆ ಎದ್ದು ಬಂದಳು. ನಾದಿನಿಯ ತೋಳು ಹಿಡಿದು ಬಿಕ್ಕಿಬಿಕ್ಕಿ ಅತ್ತಳು.

ಅಣ್ಣ ಉಳಿದ. ಮೂರು ತಿಂಗಳಲ್ಲಿ ಕೋಲೂರಿ ನಡೆದ. ಬಲಗೈ ಬೆರಳು ಮಾತ್ರ ಸೂಜಿ ಹಿಡಿಯಲಿಲ್ಲ. ಔಷಧಿ ಅಂಗಡಿಯವನು ಬಹಳ ದಿನ ಮುಖ ತಪ್ಪಿಸಿಕೊಂಡು ಓಡಾಡಿದ. ಈಗ ಹೊಲಿಗೆ ಹಾಕುವವಳು ಅತ್ತಿಗೆ, ಪಕ್ಕದಲ್ಲಿ ಕೂತು ಹುಕುಂ ಮಾಡುವವನು ಅಣ್ಣ. ಮಾತು ಇನ್ನೂ ಪೂರ್ತಿ ಮರಳಿಲ್ಲ, ದಾರ ಅನ್ನಲು ಹೋಗಿ ಬಾಗಿಲು ಅಂತಾನೆ. ಅತ್ತಿಗೆ ದಾರವನ್ನೇ ಕೊಡುತ್ತಾಳೆ.