ಪೇನಾಸ್ ಕೊಲ್ಲಿಯಲ್ಲಿ ತೇಲಿದ ಟೋಪಿ

ಎಫ್ರಾಯಿನ್ ಸೆಪುಲ್ವೆದನಿಗೆ ಡಿಸ್ಟ್ರಾಯರ್ ಯುದ್ಧನೌಕೆ ಎಂದರೆ ಮೊದಲು ನೆನಪಾಗುವುದು ಊಟದ ಮೇಜಿನ ಒದ್ದೆ ಬಟ್ಟೆ. ತಟ್ಟೆಗಳು ಜಾರಬಾರದೆಂದು ಅಡುಗೆಯವನು ಬಟ್ಟೆಗೆ ನೀರು ಚಿಮುಕಿಸಿದನೆಂದರೆ ಹಡಗು ಒರಟು ಅಲೆಯ ಪೇನಾಸ್ ಕೊಲ್ಲಿಗೆ ಮೂತಿ ತಿರುಗಿಸಿದೆ ಎಂದೇ ಅರ್ಥ. ಉದ್ದಕ್ಕೆ, ಸಪೂರಕ್ಕೆ ಕಟ್ಟಿದ ಹಡಗು ಅದು. ಸಣ್ಣ ಅಲೆಗೂ ವಾಲುತ್ತಿತ್ತು. ಖಲಾಸಿಗಳು ಅದನ್ನು ಕುಡುಕಿ ಎಂದೇ ಕರೆಯುತ್ತಿದ್ದರು.

ಎಫ್ರಾಯಿನ್ ಒಳನಾಡಿನ ಚಿಯಾನ್ ಊರಿನವನು. ಅಪ್ಪ ಅಲ್ಲಿ ಹಂದಿಮಾಂಸದ ಸಾಸೇಜು ಮಾಡಿ ಮಾರುತ್ತಿದ್ದ. ನೌಕಾಶಾಲೆ ಮುಗಿಸಿ ಸಬ್‌ಲೆಫ್ಟಿನೆಂಟ್ ಆಗಿ ಹಡಗು ಹತ್ತಿದ ಮೇಲೆ ಹುಡುಗನಿಗೆ ತನ್ನ ಹೊಟ್ಟೆಯ ಸಂಗತಿ ತಿಳಿಯಿತು. ಕಾಲ ಕೆಳಗೆ ಅಲುಗಿದರೆ ತಿಂದದ್ದು ಬಾಯಿಗೆ ಬರುತ್ತಿತ್ತು. ಯಾರಿಗೂ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ. ಕಮಾಂಡರ್ ಚಮಚ ಕೆಳಗಿಡುವ ತನಕ ಯಾರೂ ಮೇಜು ಬಿಟ್ಟು ಏಳಬಾರದು. ಎದ್ದವನನ್ನು ಪುಂತಾ ಅರೆನಾಸ್ ಬಂದರಿನಲ್ಲಿ ಇಳಿಸಿ ಉಗ್ರಾಣದ ಕೆಲಸಕ್ಕೆ ಹಾಕುತ್ತಾರೆ, ಆಮೇಲೆ ಹಡಗಿನ ಮುಖ ನೋಡುವಂತಿಲ್ಲ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು.

ಆ ಜನವರಿಯ ಮಧ್ಯಾಹ್ನ ಕೋಳಿ, ಮೆಕ್ಕೆಜೋಳದ ತೆನೆಯ ತುಂಡು ಹಾಕಿದ ಸಾರು. ಎದುರಿಗೆ ಕೂತಿದ್ದವನು ಫಿರಂಗಿಗಳನ್ನು ನೋಡಿಕೊಳ್ಳುವ ಲೆಫ್ಟಿನೆಂಟ್ ಬಾರಾವೋನಾ.

"ಏನಯ್ಯಾ, ಸಾರಲ್ಲಿ ನಿಮ್ಮಪ್ಪನ ಸಾಸೇಜು ಹುಡುಕ್ತಿದೀಯಾ? ಚಮಚಾನೇ ಮುಳುಗ್ಲಿಲ್ಲ."

"ಬಿಸಿ ಇದೆ ಸರ್. ಆರ್ಲಿ ಅಂತ."

"ಆರಿದ್ರೆ ಮೇಲೆ ಕೊಬ್ಬು ಕಟ್ಟುತ್ತೆ ನೋಡು. ಹಳದಿ ಕೆನೆ ಥರ. ಅದನ್ನ ನಾಲಿಗೆ ಮೇಲೆ ಇಟ್ಕೊಂಡ್ರೆ…"

"ಬಾರಾವೋನಾ, ಊಟ ಮಾಡಿ," ಎಂದರು ಕಮಾಂಡರ್ ಗಾಯಾರ್ದೊ, ತಲೆ ಎತ್ತದೆ.

ಎಫ್ರಾಯಿನ್ ಹಲ್ಲು ಕಚ್ಚಿ ಕೂತ. ಕಮಾಂಡರ ಚಮಚ ಕೆಳಗಿಳಿದದ್ದೇ ಗೂಟದಿಂದ ಟೋಪಿ ತೆಗೆದುಕೊಂಡು ಹೊರಟ. ಡೆಕ್ಕಿನ ಬಾಗಿಲು ಇನ್ನೂ ದೂರವಿತ್ತು. ಬೆನ್ನ ಹಿಂದೆಯೇ ಕಮಾಂಡರ ಕೆಮ್ಮು ಕೇಳಿಸಿತು. ತಡೆಯಲಾಗಲಿಲ್ಲ. ಟೋಪಿಯನ್ನೇ ಬಾಯಿಗೆ ಹಿಡಿದ. ಅದನ್ನು ಕೋಟಿನ ಮರೆಯಲ್ಲಿ ಇಟ್ಟುಕೊಂಡು ಹೊರಗೆ ಬಂದು ಸಮುದ್ರಕ್ಕೆ ಎಸೆದ. ಗೆದ್ದೆ ಎಂದುಕೊಂಡ.

ಅಲೆ ಟೋಪಿಯನ್ನು ತೊಳೆದು ಬೆಳ್ಳಗೆ ತೇಲಿಸಿತು. ನೀರಿನ ಮೇಲೆ ಟೋಪಿ ಕಂಡರೆ ಅದರ ಜೊತೆ ತಲೆಯೂ ಬಿದ್ದಿದೆ ಎಂದೇ ನಾವಿಕರ ಲೆಕ್ಕ. ಹಿಂಬದಿಯ ಕಾವಲಿನವನು ಮನುಷ್ಯ ನೀರಿಗೆ ಬಿದ್ದ ಎಂದು ಕೂಗಿದ. ಸೈರನ್ ಹೊಡೆಯಿತು. ಹಡಗು ಅಲೆಗೆ ಪಕ್ಕೆಯೊಡ್ಡಿ ತಿರುಗಿತು. ಅಡುಗೆಮನೆಯ ಪಾತ್ರೆಗಳೆಲ್ಲ ನೆಲಕ್ಕೆ ಬಿದ್ದವು.

ತಲೆ ಎಣಿಸಲು ಎಲ್ಲರನ್ನೂ ಸಾಲು ನಿಲ್ಲಿಸಿದರು. ಆ ತಣ್ಣೀರಿನಲ್ಲಿ ಬಿದ್ದವನು ಎಣಿಕೆ ಮುಗಿಯುವ ತನಕ ಬದುಕುವುದಿಲ್ಲ, ಹಾಗಾಗಿ ರಕ್ಷಣಾ ದೋಣಿಯವರು ಕಾಯಲಿಲ್ಲ. ಚಿಲೋಯೆ ದ್ವೀಪದ ಸಾರ್ಜೆಂಟ್ ಕಾರ್ಕಮೊ ಹುಟ್ಟು ಹಾಕುವ ತನ್ನವರೊಂದಿಗೆ ದೋಣಿ ಹತ್ತಿಯೇ ಬಿಟ್ಟ. ಅಂಥ ಅಲೆಯಲ್ಲಿ ಇಳಿಸಿದ ದೋಣಿ ಹಡಗಿಗೆ ಬಡಿದು ಚೂರಾಗುವುದೇ ಹೆಚ್ಚು.

ಎಫ್ರಾಯಿನ್ ಬರಿದಲೆಯಲ್ಲಿ ಸಾಲಿನಲ್ಲಿ ನಿಂತಿದ್ದ. ಬಾಯಿ ಬಿಟ್ಟರೆ ಉಗ್ರಾಣ. ಸುಮ್ಮನಿದ್ದರೆ ಎಣಿಕೆ ಸರಿಹೋಗುತ್ತದೆ, ಟೋಪಿಯನ್ನು ಗಾಳಿ ಹೊತ್ತೊಯ್ದಿತು ಎನ್ನುತ್ತಾರೆ. ಸುಮ್ಮನಿದ್ದ. ದೋಣಿ ಇಳಿಸುವ ಹಗ್ಗ ಕಿರುಗುಟ್ಟಿತು. ದೋಣಿ ಒಂದು ಸಲ ಹಡಗಿನ ಪಕ್ಕೆಗೆ ಬಡಿಯಿತು. ಒಬ್ಬನ ಹುಟ್ಟು ಮುರಿಯಿತು. ಆಗ ಸಾಲು ಬಿಟ್ಟು ಓಡಿದ.

"ಕಮಾಂಡರ್ ಸಾಹೇಬ್ರೇ, ದೋಣಿ ಇಳಿಸ್ಬೇಡಿ. ಆ ಟೋಪಿ ನಂದು."

"ನೀವು ಇಲ್ಲೇ ಇದೀರಲ್ರೀ."

"ಹೌದು. ಅದರಲ್ಲಿ ವಾಂತಿ ಮಾಡ್ಕೊಂಡೆ. ನಾನೇ ಎಸೆದೆ."

ಕಮಾಂಡರ್ ಕೈ ಎತ್ತಿದರು. ದೋಣಿ ನಿಂತಿತು.

ಸಂಜೆ ಅವನನ್ನು ತಮ್ಮ ಕೋಣೆಗೆ ಕರೆಸಿದರು.

"ಈ ಕೊಲ್ಲೀಲಿ ನಾನೂ ಕಕ್ತೀನಿ. ಮಂಚದ ಕೆಳಗೆ ಡಬ್ಬ ಇದೆ, ನೋಡಿ. ಮೇಜಿಂದ ಎದ್ದವರನ್ನ ಇಳಿಸ್ತೀನಿ ಅಂತ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ ಸಾಹೇಬ್ರೇ."

"ಇದುವರೆಗೂ ಒಬ್ಬರನ್ನೂ ಇಳಿಸಿಲ್ಲ. ನಿಮ್ಮನ್ನ ಇಳಿಸ್ತೀನಿ. ವಾಂತಿ ಹಾಳಾಗ್ಹೋಗ್ಲಿ. ಕಾರ್ಕಮೊ ದೋಣಿ ಹತ್ತೋದನ್ನ ನೋಡ್ತಾ ನಿಂತಿದ್ರಲ್ಲ, ಅದಕ್ಕೆ."

ಎಫ್ರಾಯಿನ್ ಹೋಗಿ ತನ್ನ ಚೀಲ ಕಟ್ಟಿಕೊಂಡ.

ಪುಂತಾ ಅರೆನಾಸ್‌ನಲ್ಲಿ ಅವನನ್ನು ದಡಕ್ಕೆ ಬಿಟ್ಟದ್ದೂ ಕಾರ್ಕಮೊನ ದೋಣಿಯೇ. ಮೆಟ್ಟಿಲ ಮೇಲೆ ಚೀಲ ಇಟ್ಟು ಕಾರ್ಕಮೊ ಹೇಳಿದ:

"ಲೆಫ್ಟಿನೆಂಟ್ ಸಾಹೇಬ್ರೇ, ಮುಂದಿನ್ಸಲ ಬೂಟಲ್ಲಿ ಮಾಡ್ಕೊಳಿ. ಬೂಟು ಮುಳುಗುತ್ತೆ."

ಹುಟ್ಟಿನವರು ನಕ್ಕರು. ಎಫ್ರಾಯಿನ್ ಕೂಡ ನಕ್ಕ, ಸ್ವಲ್ಪ ತಡವಾಗಿ.

ಮತ್ತೆ ಹಡಗಿಗೆ ಹಾಕಿ ಎಂದು ಎರಡು ಸಲ ಅರ್ಜಿ ಕೊಟ್ಟ, ಆಗಲಿಲ್ಲ. ದೀಪಸ್ತಂಭಗಳಿಗೆ ಎಣ್ಣೆ, ಬತ್ತಿ ಕಳಿಸುವ ಉಗ್ರಾಣದಲ್ಲೇ ತಲೆ ನರೆಯಿತು. ಆ ಊರಿನವಳನ್ನೇ ಮದುವೆಯಾದ. ಮಕ್ಕಳು ಡಿಸ್ಟ್ರಾಯರಿನ ಕಥೆ ಕೇಳಿದರೆ ಇದನ್ನೇ ಹೇಳುತ್ತಾನೆ, ಏನೂ ಮುಚ್ಚಿಡುವುದಿಲ್ಲ. ಸಾಲಿನಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಂತಿದ್ದೆ ಎಂಬುದು ಮಾತ್ರ ಒಂದೊಂದು ಸಲ ಒಂದೊಂದು ಥರ ಆಗುತ್ತದೆ.